ಬೆನ್ನು ಹಾಕಿ ನಿಂತವರು

ನನ್ನದು ಹುಟ್ಟಿನಿಂದಲೇ ಸಂಶಯದ ಸ್ವಭಾವ. ಅಂಗೈಗೆ ಎರಡು ಹನಿ ಹಾಕಿಸಿ ನೋಡದೆ ಹಾಲು ತೆಗೆದುಕೊಂಡವಳಲ್ಲ, ಹಣೆ ಮುಟ್ಟಿ ನೋಡದೆ ಶಾಲೆಯಲ್ಲಿ ಯಾವ ಮಗುವಿಗೂ ಜ್ವರದ ರಜೆ ಕೊಟ್ಟವಳಲ್ಲ. ಮದುವೆಯಾಗಿ ಮಂಗಳೂರಿಗೆ ಬಂದ ಹೊಸದರಲ್ಲಿ ನನ್ನ ಅತ್ತೆ, "ದೇವರೇ ಬಂದು ಎದುರು ನಿಂತರೂ ಇವಳು ಎಲ್ಲಿಂದ ಬಂದದ್ದು, ಯಾರು ಕಳಿಸಿದ್ದು ಅಂತ ಕೇಳಿಯಾಳು" ಎಂದು ಎಲ್ಲರೆದುರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಗುಣವನ್ನು ಬುದ್ಧಿವಂತಿಕೆ ಎಂದೇ ತಿಳಿದಿದ್ದೆ ನೋಡಿ! ಅದರಿಂದ ಒಬ್ಬ ಮನುಷ್ಯನ ಐದು ವರ್ಷ ಹೋಯಿತು. ಆ ಮನುಷ್ಯ ಈಗ ಇಲ್ಲ, ಅವನ ಜೊತೆಗಾರನೂ ಇಲ್ಲ, ಅವರಿಬ್ಬರು ಬೆವರು ಸುರಿಸಿದ ಗದ್ದೆಯ ಮೇಲೆ ಮಣ್ಣು ತುಂಬಿಸಿ ಮೂರು ಮಾಳಿಗೆ ಕಟ್ಟಿದ್ದಾರೆ. ಇದನ್ನು ಬರೆದಿಡುವವರು ಬೇರೆ ಯಾರೂ ಉಳಿದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ಬಲ್ಮಠದ ಗುಡ್ಡೆಯಿಂದ ಕೆಳಕ್ಕಿಳಿಯುವ ಒಂದು ಓಣಿ; ಓಣಿಯ ತಿರುವಿನಲ್ಲಿ ಒಂದು ಚಿಕ್ಕ ದೇವಸ್ಥಾನ, ಅದರ ಹಿಂದೆ ನಮ್ಮ ಮನೆ. ನನ್ನ ಮಾವ ಆ ದೇವಸ್ಥಾನದ ಅರ್ಚಕರು. ಗಂಡ ಹಂಪನಕಟ್ಟೆಯ ಒಂದು ಆಫೀಸಿನಲ್ಲಿ ಗುಮಾಸ್ತ, ನಾನು ಹತ್ತಿರದ ಶಾಲೆಯಲ್ಲಿ ಟೀಚರು. ನಮ್ಮ ಹಿತ್ತಲಿನ ಕೆಳಗೆ ಹಿಂದೆ ಒಳ್ಳೆಯ ಭತ್ತದ ಬೈಲು ಇತ್ತಂತೆ. ನಾನು ಬರುವಾಗ ಅದು ಬರೀ ಗುಂಡಿ. ಹಂಚಿನ ಕಾರ್ಖಾನೆಯವರು ಜೇಡಿಮಣ್ಣಿಗಾಗಿ ಎರಡಾಳು ಆಳ ತೋಡಿ, ಮಣ್ಣು ಮುಗಿದ ಮೇಲೆ ಹಾಗೆಯೇ ಬಿಟ್ಟುಹೋಗಿದ್ದರು. ಆ ಗುಂಡಿಯೊಳಗೆ ಇಬ್ಬರು ಗಂಡಸರು ಗುಡಿಸಲು ಹಾಕಿಕೊಂಡು ಬೇಸಾಯ ಮಾಡುತ್ತಿದ್ದರು. ಓಣಿಯವರು ಅವರನ್ನು ಮಿಲಿಟ್ರಿಯವರು ಎನ್ನುತ್ತಿದ್ದರು. ಇಬ್ಬರೂ ದೊಡ್ಡ ಯುದ್ಧಕ್ಕೆ ಹೋಗಿ ಬಂದ ಸಿಪಾಯಿಗಳು.

ಒಬ್ಬ ಉದ್ದನೆಯ ಆಳು, ಮುಂದಿನ ಹಲ್ಲು ಮೂರು ಇಲ್ಲ, ಬಲಗೈಯಲ್ಲಿ ಎರಡು ಬೆರಳಿಲ್ಲ, ಮಾತು ತೀರಾ ಕಡಿಮೆ. ಇನ್ನೊಬ್ಬ ಕುಳ್ಳಗಿನ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನ. ಬಂದರದಲ್ಲಿ ಅಣ್ಣಂದಿರಿಗೆ ಒಣಮೀನಿನ ದೊಡ್ಡ ವ್ಯಾಪಾರವಿದ್ದರೂ ಅದನ್ನು ಬಿಟ್ಟು ಗೆಳೆಯನ ಜೊತೆ ಗುಂಡಿ ಸೇರಿದವನು. ಅವನು ದಿನಾ ಬೆಳಿಗ್ಗೆ ಹರಿವೆ, ಬಸಳೆ, ಬೆಂಡೆ ಹೊತ್ತು ನಮ್ಮ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದ. ಬಾಯಿ ತುಂಬ ಮಾತು. ಆದರೆ ಗೆಳೆಯನ ಸುದ್ದಿ ಎತ್ತಿದರೆ ಬುಟ್ಟಿ ಎತ್ತಿ ಹೊರಟೇಬಿಡುತ್ತಿದ್ದ. ಅಷ್ಟು ಸಾಕಲ್ಲ ನನಗೆ!

ಅವರ ಬೇಸಾಯವೇ ಒಂದು ತಮಾಷೆಯಾಗಿತ್ತು ಓಣಿಯವರಿಗೆ. ತೋಡಿನ ಹೂಳು ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಹಾಕಿದರು. ಕಾರ್ಖಾನೆಯ ಒಲೆಯ ಬೂದಿ ತಂದರು. ಸುಡುಮಣ್ಣು ಮಾಡಲು ದಿನಗಟ್ಟಲೆ ಹೊಗೆ ಎಬ್ಬಿಸಿದರು. ಬೂತಾಯಿ ಮೀನಿನ ಗೊಬ್ಬರ ಹಾಕಿದ ವಾರ ನಮ್ಮ ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡೇ ಪೂಜೆಯ ಪಾತ್ರೆ ತೊಳೆದರು. ನೇಜಿ, ಅಂದರೆ ಭತ್ತದ ಸಸಿ, ನೆಡಲು ಹೆಣ್ಣಾಳುಗಳು ಯಾರೂ ಆ ಗದ್ದೆಗೆ ಇಳಿಯಲು ಒಪ್ಪಲಿಲ್ಲ. ಕೊನೆಗೆ ಅವರಿಬ್ಬರೇ ಹಗ್ಗ ಹಿಡಿದು, ಬಾಯಲ್ಲಿ ಸೀಟಿ ಊದಿಕೊಂಡು, ಸಾಲಿಗೆ ಸಾಲು ತಪ್ಪದೆ ನೆಟ್ಟರು. ಗಂಡಸರು ನೇಜಿ ನೆಡುವುದೆಂದರೆ! ಓಣಿಯ ಹೆಂಗಸರು ಗುಡ್ಡೆಯ ಅಂಚಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

"ಹೆಣ್ಣಾಳುಗಳು ಯಾಕೆ ಬರುವುದಿಲ್ಲ ಅತ್ತೆ?" ಎಂದು ಕೇಳಿದೆ.

"ಬೊಜ್ಜ ಆದವನ ಗದ್ದೆಗೆ ಯಾರು ಇಳೀತಾರೆ ಮಾರಾಯ್ತಿ?" ಎಂದರು ಅತ್ತೆ.

ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ, ಹದಿಮೂರರ ದೊಡ್ಡ ಊಟ. ಅತ್ತೆ ಹೇಳಿದ ಕತೆ ಹೀಗಿತ್ತು: ಓಣಿಯ ಮೇಲಿನ ತುದಿಯಲ್ಲಿರುವ ದೊಡ್ಡ ಮನೆಯ ಹುಡುಗನೊಬ್ಬ ಯುದ್ಧಕ್ಕೆ ಹೋದ. ಬೈಲು ಆಗ ಆ ಮನೆಯದ್ದೇ. ಸಿಂಗಾಪುರದ ಕಡೆಯಿಂದ ತಾರು ಬಂತು, ಸತ್ತ ಎಂದು. ಆ ಸುದ್ದಿಯಲ್ಲೇ ತಾಯಿ ಹೋದಳು. ಕೈಗೂಸಿನೊಂದಿಗೆ ಮನೆಯಲ್ಲಿ ಉಳಿದ ಒಬ್ಬಳೇ ತಂಗಿ ಇಬ್ಬರ ಬೊಜ್ಜವನ್ನೂ ಒಟ್ಟಿಗೆ ಮಾಡಿಸಿದಳು. ಆಮೇಲೆ ನೋಡಿಕೊಳ್ಳುವ ಗಂಡಸರಿಲ್ಲವೆಂದು ಬೈಲನ್ನು ಮಣ್ಣಿಗೆ ಕೊಟ್ಟಳು. ಯುದ್ಧ ಮುಗಿದ ಮರುವರ್ಷ ಹಲ್ಲಿಲ್ಲದ, ಬೆರಳಿಲ್ಲದ ಒಬ್ಬ ಆ ಮನೆಯ ಅಂಗಳಕ್ಕೆ ಬಂದು, ಜಪಾನಿನವರ ಸೆರೆಯಲ್ಲಿದ್ದೆ, ನಾನೇ ನಿನ್ನ ಅಣ್ಣ ಎಂದ. ತಂಗಿ ಜಗಲಿಯಿಂದ ಇಳಿಯಲಿಲ್ಲ. "ನೀನು ನನ್ನ ಅಣ್ಣ ಅಲ್ಲ" ಎಂದು ಬಾಗಿಲು ಹಾಕಿಕೊಂಡಳು. ಅವನು ಆರೇಳು ವರ್ಷ ಬಂದರದಲ್ಲಿ ಗೋಣಿ ಹೊತ್ತು, ಕಾರ್ಖಾನೆಯವರು ಗುಂಡಿ ಬಿಟ್ಟು ಹೋದ ಮೇಲೆ ಬಂದು ಅದರಲ್ಲಿ ಕೂತ. ಮಣ್ಣು ಹೋದ ಗುಂಡಿಯಲ್ಲಿ ಯಾರು ಕೂತರೆ ನನಗೆಂತ ಎಂದು ತಂಗಿ ಸುಮ್ಮನಿದ್ದಳು.

"ಹಾಗಾದರೆ ಅವನು ಅವನೇ ಅಂತ ಎಂತ ಗ್ಯಾರಂಟಿ?" ಎಂದೆ ನಾನು. "ಸತ್ತವನ ಜೊತೆ ಸೆರೆಯಲ್ಲಿದ್ದ ಬೇರೆ ಯಾರೋ ಅವನ ಊರು, ಮನೆ ಎಲ್ಲ ಕೇಳಿಕೊಂಡು ಬಂದಿರಬಹುದಲ್ಲ? ಒಡಹುಟ್ಟಿದವಳೇ ಅಲ್ಲ ಅಂದ ಮೇಲೆ?"

ಅತ್ತೆ ನನ್ನ ಮುಖ ನೋಡಿದರು. ಅಷ್ಟು ವರ್ಷ ಯಾರಿಗೂ ಹೊಳೆಯದ ಮಾತು ನನಗೆ ಹೊಳೆಯಿತೆಂದು ನನಗೆ ಒಳಗೊಳಗೇ ಹೆಮ್ಮೆ. ಮರುದಿನ ಅದು ಓಣಿಯಲ್ಲೆಲ್ಲ ಇತ್ತು.

ಇದೆಲ್ಲ ಬರೀ ಬಾವಿಕಟ್ಟೆಯ ಮಾತಾಗಿಯೇ ಉಳಿಯಬಹುದಿತ್ತು, ನಮ್ಮ ಕದಿರಿನ ಕ್ರಮ ಇಲ್ಲದಿದ್ದರೆ. ನವರಾತ್ರಿಯ ಹೊತ್ತಿಗೆ ಒಂದು ದಿನ ಬೆಳಕು ಹರಿಯುವಾಗ ಅರ್ಚಕರು ಗದ್ದೆಗೆ ಹೋಗಿ ಹೊಸ ಭತ್ತದ ಕದಿರು ಕೊಯ್ದು ತಲೆಯ ಮೇಲೆ ಹೊತ್ತು ತರಬೇಕು. ಗದ್ದೆಯವರನ್ನು ಕೇಳಬಾರದು, ಗದ್ದೆಯವರು ತಾವಾಗಿ ಕೊಡಬಾರದು. ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರಬೇಕು. ದೇವರೆದುರು ಇಟ್ಟ ಮೇಲೆ ಓಣಿಯ ಹಿರಿಯರೊಬ್ಬರು, "ಇದು ಯಾರ ಗದ್ದೆಯ ಕದಿರು?" ಎಂದು ಗಟ್ಟಿಯಾಗಿ ಕೇಳುತ್ತಾರೆ, ಅರ್ಚಕರು ಮನೆಯ ಹೆಸರು ಹೇಳುತ್ತಾರೆ. ಮೊದಲ ಪಾಲು ಆ ಗದ್ದೆಯ ಮನೆಗೆ, ಆಮೇಲೆ ಉಳಿದವರಿಗೆ. ಎಲ್ಲರೂ ಅದನ್ನು ಒಯ್ದು ಬಾಗಿಲಿಗೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಮೊದಲು ಕದಿರು ದೊಡ್ಡ ಮನೆಯ ಆ ಬೈಲಿನಿಂದಲೇ ಬರುತ್ತಿತ್ತು. ಬೈಲು ಹೋದ ಮೇಲೆ ಮಾವ ಹಿಂದಿನ ದಿನವೇ ಬಸ್ಸು ಹತ್ತಿ ದೂರದ ನೆಂಟರ ಊರಿಗೆ ಹೋಗಿ, ಅಲ್ಲಿಂದ ತರುತ್ತಿದ್ದರು. ಅವರಿಗೆ ಗಂಟು ನೋವು. ಬಸ್ಸಿನ ನೂಕುನುಗ್ಗಲಿನಲ್ಲಿ ಕದಿರು ಅರ್ಧ ಉದುರಿಹೋಗುತ್ತಿತ್ತು.

ನಾನು ಬಂದ ಎರಡನೆಯದೋ ಮೂರನೆಯದೋ ವರ್ಷ, ಮಳೆ ಕಡಿಮೆಯಾಗುವ ಹೊತ್ತು. ಆ ಉದ್ದನೆಯ ಆಳು ದೇವಸ್ಥಾನದ ಮೆಟ್ಟಿಲ ಕೆಳಗೆ ಬಂದು ನಿಂತ. ಹೆಗಲಿನ ಬೈರಾಸು ಟುವಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಭಟ್ರೇ, ಈ ಸಲ ಏಣೆಲು ಬೆಳೆ ಒಳ್ಳೆಯದುಂಟು" ಎಂದ. ಅಷ್ಟೇ. ಸ್ವಲ್ಪ ಹೊತ್ತು ನಿಂತು ಹೋದ.

ಮಳೆಗಾಲದ ಬೆಳೆಯ ಸುದ್ದಿ ಹೇಳಲು ಅವನು ಅಷ್ಟು ಗುಡ್ಡೆ ಹತ್ತಿ ಬಂದದ್ದಲ್ಲ ಎಂದು ನನಗೂ ಗೊತ್ತಾಯಿತು, ಮಾವನಿಗೂ ಗೊತ್ತಾಯಿತು. ಅವನ ಗದ್ದೆಯ ಕದಿರು ದೇವರೆದುರು ಬಂದರೆ, ಹಿರಿಯರು ಯಾರದ್ದೆಂದು ಕೇಳಿದರೆ, ಇಡೀ ಓಣಿಯ ಎದುರು ಆ ಮನೆಯ ಹೆಸರು ಹೇಳಿ ಅವನನ್ನು ಬದುಕಿರುವ ಮನುಷ್ಯ ಎಂದು ಒಪ್ಪಿದ ಹಾಗೆ. ಅವನಿಗೆ ಬೇಕಾದದ್ದು ಅದೊಂದೇ. ಮನೆಯೊಳಗೆ ಪಾಲನ್ನೂ ಅವನು ಯಾವತ್ತೂ ಕೇಳಿದವನಲ್ಲ.

"ಬೊಜ್ಜ ತಪ್ಪಿ ಆದದ್ದಕ್ಕೆ ಪ್ರಾಯಶ್ಚಿತ್ತ ಉಂಟು" ಎಂದರು ಮಾವ, ರಾತ್ರಿಯ ಊಟಕ್ಕೆ ಕೂತಾಗ. "ಅವನೇ ಹೌದು ಅಂತಾದ್ರೆ ನಾನು ಈ ಸಲ ಅಲ್ಲಿಂದಲೇ ಕೊಯ್ದು ತರ್ತೇನೆ. ಅಲ್ಲ ಅಂತಾದ್ರೆ? ಸುಳ್ಳು ಹೆಸರು ಹೇಳಿಕೊಂಡು ಕೂತವನ ಹೆಸರನ್ನು ದೇವರ ಎದುರು ಹೇಗೆ ಹೇಳುವುದು?"

"ಅದನ್ನು ನಾನು ನೋಡ್ತೇನೆ ಮಾವ" ಎಂದೆ. ಪರೀಕ್ಷೆ ಮಾಡುವುದು ನನ್ನ ಕೆಲಸವೇ ತಾನೇ!

ಅತ್ತೆಯ ಹತ್ತಿರ ಕೂತು ಆ ಹುಡುಗನ ಬಾಲ್ಯದ ಸುದ್ದಿ ಕೆದಕಿದೆ. ಹೊರಗಿನವರಿಗೆ ಗೊತ್ತಿರದ, ಓಣಿಯವರು ಮರೆಯದ ಒಂದು ಸಂಗತಿ ಸಿಕ್ಕಿತು. ಅವನು ಎಂಟೊಂಬತ್ತು ವರ್ಷದವನಿರುವಾಗ ದೇವಸ್ಥಾನದ ಬೆಳ್ಳಿಯ ಗಿಂಡಿಯನ್ನು ಕೆರೆಗೆ ಬೀಳಿಸಿದ್ದನಂತೆ. ಸೋದರಮಾವ ಅವನನ್ನು ಕೆರೆಯ ಕಟ್ಟೆಯ ಮೇಲೆಯೇ ಹುಣಸೆ ಅಡರಿನಿಂದ ಹೊಡೆದದ್ದನ್ನು ಇಡೀ ಓಣಿ ನೋಡಿತ್ತಂತೆ. ಗಿಂಡಿ ಸಿಗಲೇ ಇಲ್ಲ. ಅಂಥ ಪೆಟ್ಟು ತಿಂದವನು ಅದನ್ನು ಮರೆಯುವುದುಂಟೇ?

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನಾನು ಮೊದಲ ಸಲ ಗುಂಡಿಯ ಅಂಚಿಗೆ ಇಳಿದೆ. ಅವನು ಕಳೆ ಕೀಳುತ್ತಿದ್ದ, ಎದ್ದು ನೆಟ್ಟಗೆ ನಿಂತ.

"ನೀವು ಚಿಕ್ಕಂದಿನಲ್ಲಿ ದೇವಸ್ಥಾನದ ಕೆರೆಗೆ ಎಂತದೋ ಬೀಳಿಸಿದ್ದಿರಂತೆ. ಎಂತ ಅದು?" ಎಂದು ಕೇಳಿದೆ, ಸಹಜವಾಗಿ ಕೇಳುವವಳ ಹಾಗೆ.

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಮತ್ತೆ ಕಾಲಿನ ಕೆಸರು ನೋಡಿದ.

"ನಾನು ಎಂತದೂ ಬೀಳಿಸಲಿಲ್ಲ ಟೀಚರೇ" ಎಂದ.

"ಸರಿಯಾಗಿ ನೆನಪು ಮಾಡಿ ನೋಡಿ."

"ನೆನಪುಂಟು. ನಾನು ಬೀಳಿಸಲಿಲ್ಲ."

ಸಿಕ್ಕಿಬಿದ್ದ! ಅಂದುಕೊಂಡೆ ನಾನು. ಗುಡ್ಡೆ ಹತ್ತುವಾಗ ಕಾಲು ನೆಲ ಮುಟ್ಟಲಿಲ್ಲ. ಮಾವನಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಬಾವಿಕಟ್ಟೆಯಲ್ಲಿ ಹೇಳಿದೆ. ಮಾವ ಬಸ್ಸಿನ ಹೊತ್ತು ವಿಚಾರಿಸಲು ಹೊರಟರು. ಅಂದಿನಿಂದ ಓಣಿಯವರು ಅವನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆಯತೊಡಗಿದರು. ಬ್ಯಾರಿ ಮಾತ್ರ ಮೊದಲಿನ ಹಾಗೆಯೇ ಸೊಪ್ಪು ತರುತ್ತಿದ್ದ, ಆದರೆ ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಕಳ್ಳನ ಜೊತೆಗಾರನಿಗೆ ಮುಖ ಎಲ್ಲಿಂದ ಬರಬೇಕು ಎಂದು ನಾನು ಅದಕ್ಕೂ ಅರ್ಥ ಹಚ್ಚಿದೆ.

ಹೀಗೆ ನಾಲ್ಕು ವರ್ಷ ಕಳೆಯಿತು. ಐದನೆಯ ವರ್ಷದ ಕದಿರಿನ ದಿನ, ಮಾವ ನೆಂಟರ ಊರಿನಲ್ಲಿದ್ದರು. ನಾನು ಪೂಜೆಗೆ ಕೇಪಳದ ಹೂ ಕೊಯ್ಯಲು ಬೆಳಕು ಹರಿಯುವಾಗ ಹಿತ್ತಲಿನ ಅಂಚಿಗೆ ಹೋಗಿದ್ದೆ. ಕೆಳಗೆ ನೋಡುತ್ತೇನೆ: ಗದ್ದೆಯ ಮೇಲಿನ ಬದುವಿನಲ್ಲಿ ಅವರಿಬ್ಬರೂ ಗದ್ದೆಗೆ ಬೆನ್ನು ಹಾಕಿ, ಗುಂಡಿಯ ಮುರಕಲ್ಲಿನ ಗೋಡೆಯತ್ತ ಮುಖ ಮಾಡಿ ನಿಂತಿದ್ದಾರೆ. ನೆಟ್ಟಗೆ, ಹಂದಾಡದೆ, ಮಾತಿಲ್ಲದೆ. ಹಿಂದೆ ಕದಿರು ಬಲಿತ ಗದ್ದೆ. ಉದ್ದನೆಯವನ ಎಡಗೈಯಲ್ಲಿ ನಾಲ್ಕು ಮಡಿಕೆ ಮಾಡಿದ ಬೈರಾಸು. ನನ್ನ ಹೂವಿನ ಬುಟ್ಟಿ ತುಂಬುವವರೆಗೂ ನೋಡಿದೆ, ತುಂಬಿದ ಮೇಲೂ ನೋಡಿದೆ. ಬಿಸಿಲು ಗದ್ದೆಗೆ ಬಿದ್ದ ಮೇಲೆಯೇ ಅವರು ತಿರುಗಿದ್ದು. ಆಗ ಬ್ಯಾರಿ ಗೆಳೆಯನ ಬೆನ್ನು ತಟ್ಟಿದ.

ನನ್ನ ತಲೆಯಲ್ಲಿ ಎಂತೆಂಥ ಹುಳಗಳು ಎದ್ದವು ಎಂದು ಹೇಳಿದರೆ ನಾಚಿಕೆಯಾಗುತ್ತದೆ. ಮಾಟ ಎಂದುಕೊಂಡೆ. ಗೋಡೆಯಲ್ಲಿ ಏನೋ ಹುಗಿದಿಟ್ಟು ಕಾಯುತ್ತಿದ್ದಾರೆ ಎಂದುಕೊಂಡೆ. ಮರುದಿನ ಸೊಪ್ಪು ತಂದ ಬ್ಯಾರಿಯನ್ನು ಹಿಡಿದು ನಿಲ್ಲಿಸಿದೆ.

"ನಿನ್ನೆ ಬೆಳಿಗ್ಗೆ ಗೋಡೆ ನೋಡಿಕೊಂಡು ಎಂತ ಮಾಡುತ್ತಿದ್ರಿ ಸಾಹೇಬ್ರೇ?"

"ನಿಂತದ್ದು."

"ಯಾಕೆ ಅಂತ ಕೇಳಿದ್ದು ನಾನು."

"ಅವನು ನಿಂತ, ನಾನೂ ನಿಂತೆ. ವರ್ಷ ವರ್ಷ ನಿಲ್ತೇವೆ" ಎಂದು ಅವನು ಬುಟ್ಟಿ ಎತ್ತಿದ. "ಯಾಕೆ ಅಂತ ನಾನು ಹೇಳುವ ಹಾಗಿಲ್ಲ ಟೀಚರೇ. ಅದು ಅವನ ಮನೆಯ ಮಾತು."

ಮನೆ! ಯಾವ ಮನೆ ಎಂದು ಕೇಳಬೇಕೆಂದಿದ್ದೆ, ಅವನು ಆಗಲೇ ಮೆಟ್ಟಿಲು ಇಳಿದಿದ್ದ.

ಅದಾಗಿ ಕೆಲವೇ ದಿನಗಳಲ್ಲಿ ಚೀನಾದ ಯುದ್ಧ ಶುರುವಾಯಿತು. ಶಾಲೆಯಲ್ಲಿ ದಿನಾ ಪ್ರಾರ್ಥನೆಯ ಮೇಲೆ ನಾನು ಮಕ್ಕಳಿಗೆ ಜವಾನರ ವಿಷಯ ಹೇಳುತ್ತಿದ್ದೆ. ಹಿಮದಲ್ಲಿ ನಿಂತವರಿಗೆಂದು ಬೆವರು ಒರೆಸಿಕೊಂಡು ಉಣ್ಣೆಯ ಸ್ವೆಟರು ಹೆಣೆಯುತ್ತಿದ್ದೆವು ನಾವು ಟೀಚರುಗಳು, ಓಣಿಯ ಹೆಂಗಸರು ಎಲ್ಲ. ಜವಾನ ಎಂದರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ನಿಜವಾಗಿಯೂ. ಕೆಳಗೆ ಗುಂಡಿಯಲ್ಲಿ ಇಬ್ಬರಿದ್ದಾರೆ ಎನ್ನುವುದು ಮಾತ್ರ ಒಂದು ದಿನವೂ ತಲೆಗೆ ಬರಲಿಲ್ಲ. ಅವರೇ ನೆನಪು ಮಾಡಿದರು. ಒಂದು ಬೆಳಿಗ್ಗೆ ಬ್ಯಾರಿ ಸೊಪ್ಪಿನ ಮೇಲೆ ಒಂದು ಹಳೆಯ ಪಾಚಿ ಬಣ್ಣದ ಸ್ವೆಟರು ಇಟ್ಟುಕೊಂಡು ಬಂದ. ಮೊಣಕೈ ಹರಿದಿತ್ತು.

"ಅವನದ್ದು. ಉಣ್ಣೆ ಸಾಲುವುದಿಲ್ಲ ಅಂತ ಕೇಳಿದ. ಇದನ್ನು ಬಿಚ್ಚಿದರೆ ನೂಲು ಒಳ್ಳೆಯದುಂಟಂತೆ" ಎಂದ.

ತೆಗೆದುಕೊಂಡೆ. ಯಾರದ್ದೋ ಕದ್ದದ್ದಿರಬಹುದೇ ಎಂದು ಕೊರಳಪಟ್ಟಿಯ ಒಳಗೆ ತಿರುಗಿಸಿ ನೋಡಿದೆನೆಂದರೆ ನೀವೇ ತಿಳಿದುಕೊಳ್ಳಿ, ನಾನು ಎಂಥವಳಾಗಿದ್ದೆ.

ಹಳೆಯ ಉಣ್ಣೆ ಬಿಚ್ಚುವುದರಲ್ಲಿ ದೊಡ್ಡ ಮನೆಯ ಆ ತಂಗಿ ಪಳಗಿದವಳು. ತಂಗಿ ಎಂದರೂ ಆಗ ಐವತ್ತರ ಹತ್ತಿರದ ಹೆಂಗಸು, ಕಡಿಮೆ ಮಾತು, ಬಿಗಿದ ಮುಖ. ಸಂಜೆ ಅವಳ ಜಗಲಿಯಲ್ಲಿ ಕೂತು ಸ್ವೆಟರು ಕೊಟ್ಟೆ. ಅವಳು ಅಂಚಿನ ಗಂಟು ಹುಡುಕುತ್ತ, "ಯಾರದ್ದು ಇದು?" ಎಂದಳು.

"ಕೆಳಗಿನ ಮಿಲಿಟ್ರಿಯದ್ದು ಅಕ್ಕಾ."

ಅವಳ ಬೆರಳು ನಿಂತಿತು. ನನಗೆ ಸುಮ್ಮನಿರಲು ಆಗಬೇಕಲ್ಲ? "ಅವರದ್ದು ವಿಚಿತ್ರ ಕಣ್ಣಾರೆ ಕಂಡೆ ಅಕ್ಕಾ. ಕದಿರಿನ ದಿನ ಬೆಳಿಗ್ಗೆ ಗದ್ದೆಗೆ ಬೆನ್ನು ಹಾಕಿ ಗೋಡೆ ನೋಡಿಕೊಂಡು ನಿಂತಿದ್ದರು" ಎಂದೆ.

"ಬೈರಾಸು ಹೆಗಲಲ್ಲಿತ್ತಾ, ಕೈಯಲ್ಲಾ?"

"ಕೈಯಲ್ಲಿ. ಎಡಗೈಯಲ್ಲಿ, ಮಡಚಿಕೊಂಡು."

"ಎಷ್ಟು ಮಡಿಕೆ?"

ಇದೆಂಥ ಪ್ರಶ್ನೆ ಎಂದುಕೊಂಡೇ ನಾಲ್ಕು ಎಂದೆ.

ಅವಳು ಸ್ವೆಟರನ್ನು ಮಡಿಲಿಗೆ ಹಾಕಿಕೊಂಡಳು. "ಗದ್ದೆಯವರು ಹಾಗೆಯೇ ನಿಲ್ಲುವುದು ಟೀಚರೇ. ದೇವರಿಗೆ ಕೊಯ್ದವರ ಮುಖ ನೋಡಬಾರದು, ಕೊಟ್ಟೆ ಅಂತ ಮನಸ್ಸಿಗೆ ಬರಬಾರದು ಅಂತ. ನಮ್ಮ ಸೋದರಮಾವ ನಿಲ್ಲುತ್ತಿದ್ದರು, ಪಕ್ಕದಲ್ಲಿ ಅಣ್ಣನನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಭಟ್ರು ತಲೆ ಎತ್ತುವುದಿಲ್ಲವಲ್ಲ, ಅವರಿಗೂ ಇದು ಗೊತ್ತಿಲ್ಲ. ಮನೆಯ ಗಂಡಸರು ಹೊರಗೆ ಹೇಳುವ ಕ್ರಮ ಇಲ್ಲ."

ಹಾಗಾದರೆ ಅವನು ಅಲ್ಲಿ ನಿಂತದ್ದು ಯಾರಾದರೂ ಬಂದು ಕೊಯ್ಯಲಿ ಎಂದು. ವರ್ಷ ವರ್ಷವೂ. ಬಿಸಿಲು ಬೀಳುವವರೆಗೆ.

"ಅಕ್ಕಾ, ಹಾಗಾದರೆ ಅವರು..."

"ನನಗೆ ತಲೆ ನೋಯ್ತದೆ, ನೀವಿನ್ನು ಹೋಗಿ" ಎಂದು ಅವಳು ಎದ್ದಳು. ಸ್ವೆಟರು ಕೊಡಿ ಎಂದೆ. "ಇದು ಇಲ್ಲಿರಲಿ" ಎಂದು ಅದನ್ನು ಎದೆಗೆ ಹಿಡಿದುಕೊಂಡು ಒಳಗೆ ಹೋದಳು. ಅದನ್ನು ಅವಳು ಬಿಚ್ಚಲೇ ಇಲ್ಲ, ಬದಲಿಗೆ ಹೊಸ ಉಣ್ಣೆ ಕಳಿಸಿದಳು.

ಮನೆಗೆ ಬಂದು ಮಾವನಿಗೆ ಎಲ್ಲವನ್ನೂ ಹೇಳಿದೆ. ಇಷ್ಟು ಕಾಲ ಅವನ ಮೇಲಿದ್ದ ನನ್ನ ಸಂಶಯ ಈಗ ತಂಗಿಯ ಮೇಲೆ ತಿರುಗಿತ್ತು. "ಆ ಹೆಂಗಸಿಗೆ ಗೊತ್ತುಂಟು ಮಾವ. ಬೈಲು ಮಣ್ಣಿಗೆ ಕೊಟ್ಟದ್ದು ತಪ್ಪೆಂದು ಅವನು ಜಗಳಕ್ಕೆ ಬಂದಾನು ಅಂತ ಬಾಗಿಲು ಹಾಕಿರಬೇಕು" ಎಂದೆ.

ಮಾವ ಕೈ ಎತ್ತಿದರು. ಅವರಿಗೆ ನನ್ನ ಮೇಲೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನಿನ್ನ ಪರೀಕ್ಷೆ ಒಂದು ಸಲ ನಡೆದದ್ದು ಸಾಕು ಮಾರಾಯ್ತಿ. ಮುಂದಿನ ಸಲ ನನಗೆ ಬಸ್ಸು ಬೇಡ. ಆದರೆ ನನಗೆ ಬಗ್ಗಲಿಕ್ಕೆ ಆಗುವುದಿಲ್ಲ. ಅವನಲ್ಲ ಅಂತ ಹೇಳಿದವಳು ನೀನು. ಬಂದು ಕೊಯ್ಯುವವಳೂ ನೀನೇ."

ಆ ವರ್ಷದ ಕದಿರು ಮುಗಿದಿತ್ತು. ಇನ್ನೊಂದು ವರ್ಷ ಕಾಯಬೇಕಿತ್ತು. ಕ್ರಮದ ಪ್ರಕಾರ ಮೊದಲೇ ಹೇಳುವ ಹಾಗೂ ಇರಲಿಲ್ಲ. ದಿನಾ ಬೆಳಿಗ್ಗೆ ಬ್ಯಾರಿಯ ಕೈಯಿಂದ ಸೊಪ್ಪು ತೆಗೆದುಕೊಳ್ಳುವಾಗ ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಉದ್ದನೆಯವನಿಗೆ ಆ ಮಳೆಗಾಲದಲ್ಲಿ ಕೆಮ್ಮು ಜೋರಾಗಿತ್ತು. ಗುಂಡಿಯಿಂದ ಮೇಲಿನವರೆಗೆ ಕೇಳುತ್ತಿತ್ತು. ಅಷ್ಟರೊಳಗೆ ಅವನು ಹೋಗಿಬಿಟ್ಟರೆ ಎಂಬ ಹೆದರಿಕೆಯಲ್ಲಿ ನಾನು ದೇವರಿಗೆ ಹರಕೆ ಹೊತ್ತೆ. ಮಳೆ ನಿಲ್ಲಲಿ ಎಂದಲ್ಲ, ಅವನು ನಿಲ್ಲಲಿ ಎಂದು.

ಮರುವರ್ಷ ಕದಿರಿನ ಬೆಳಿಗ್ಗೆ ಮಾವ ಕೋಲೂರಿಕೊಂಡು ಮುಂದೆ, ನಾನು ಕತ್ತಿ ಮತ್ತು ಬಾಳೆಲೆ ಹಿಡಿದುಕೊಂಡು ಹಿಂದೆ ಗುಂಡಿಗೆ ಇಳಿದೆವು. ಇಬ್ಬರೂ ಬದುವಿನ ಮೇಲೆ ನಿಂತಿದ್ದರು, ಬೆನ್ನು ನಮ್ಮ ಕಡೆ. ನಮ್ಮ ಕಾಲಿನ ಸದ್ದು ಕೇಳಿ ಬ್ಯಾರಿಯ ಕತ್ತು ಒಂದಿಷ್ಟು ತಿರುಗಿತು. ಉದ್ದನೆಯವನು ಮೊಣಕೈಯಿಂದ ತಿವಿದ. ಮತ್ತೆ ನೆಟ್ಟಗಾಯಿತು. ನಾನು ಬಗ್ಗಿ ಕೊಯ್ದೆ. ನನ್ನ ಕೈಗೆ ಕತ್ತಿ ಹೊಸದು, ಒಂದಕ್ಕೆ ನಾಲ್ಕು ಪೈರು ಕಿತ್ತು ಬಂತು. ತಲೆ ಎತ್ತಬಾರದೆಂದು ಗೊತ್ತಿದ್ದೂ ಒಮ್ಮೆ ಎತ್ತಿದೆ. ಹಾಳು ಸ್ವಭಾವ, ಬಿಡುತ್ತದೆಯೇ? ಅವನ ಎಡಗೈ ಬೈರಾಸನ್ನು ಮುಷ್ಟಿಯೊಳಗೆ ಹಿಂಡುತ್ತಿತ್ತು. ಬೆನ್ನು ಮಾತ್ರ ಹಂದಲಿಲ್ಲ.

ದೇವಸ್ಥಾನದಲ್ಲಿ ಓಣಿ ಪೂರ್ತಿ ನೆರೆದಿತ್ತು. ಮಾವ ಬಸ್ಸಿಗೆ ಹೋಗಿಲ್ಲವೆಂಬ ಸುದ್ದಿ ಆಗಲೇ ಹರಡಿತ್ತು. ಹೊರಗೆ ಪಾಗಾರದ ಆಚೆ ಬ್ಯಾರಿಯ ಬಿಳಿ ಟೊಪ್ಪಿ ಕಾಣುತ್ತಿತ್ತು, ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ಕದಿರನ್ನು ದೇವರೆದುರು ಇಟ್ಟದ್ದಾಯಿತು. ಹಿರಿಯರು ಕೇಳಿದರು: "ಇದು ಯಾರ ಗದ್ದೆಯ ಕದಿರು?"

ಮಾವ ಹೆಸರು ಹೇಳದೆ ಹೆಂಗಸರು ನಿಂತ ಕಡೆ ತಿರುಗಿ, "ಹೇಳಬೇಕಾದವರು ಹೇಳಲಿ" ಎಂದರು.

ದೊಡ್ಡ ಮನೆಯ ತಂಗಿ ಕಂಬಕ್ಕೆ ಒರಗಿ ನಿಂತಿದ್ದಳು. ಅಕ್ಟೋಬರದ ಆ ಸೆಖೆಯಲ್ಲಿ ಅವಳ ಕಂಕುಳಲ್ಲಿ ಮಡಚಿದ ಪಾಚಿ ಬಣ್ಣದ ಸ್ವೆಟರು ಇತ್ತು.

"ನನ್ನ ಅಣ್ಣನ ಗದ್ದೆಯದ್ದು" ಎಂದಳು.

ಗುಜುಗುಜು ಎದ್ದಿತು. ಯಾರೋ, "ಬೊಜ್ಜ ಆದದ್ದು?" ಎಂದರು.

"ಮಾಡಿಸಿದವಳು ನಾನಲ್ಲವಾ? ಅವನು ಬಂದ ದಿವಸ ನನ್ನ ಮಗನಿಗೆ ಜ್ವರ ನೆತ್ತಿಗೇರಿತ್ತು. ಬೊಜ್ಜ ಆದವನು ಹೊಸ್ತಿಲು ದಾಟಿದರೆ ಬದಲಿಗೆ ಒಂದು ಜೀವ ತೆಗೆದುಕೊಂಡು ಹೋಗ್ತಾನೆ ಅಂತ ನೀವೆಲ್ಲ ಹೇಳಿದ್ರಿ. ನಾನು ಮಗುವನ್ನು ನೋಡಿದೆ, ಅಣ್ಣನನ್ನು ನೋಡಿದೆ, ನೀನು ಅಲ್ಲ ಅಂತ ಹೇಳಿದೆ. ಅವನು ಅಂಗಳದಲ್ಲಿ ಕೆಮ್ಮಿದ ಕೂಡಲೇ ಗೊತ್ತಾಗಿತ್ತು ನನಗೆ. ಒಮ್ಮೆ ಅಲ್ಲ ಅಂದ ಮೇಲೆ ಹೌದು ಅನ್ನಲಿಕ್ಕೆ ಬಾಯಿ ಬರಲಿಲ್ಲ." ಆ ಮಗ ಅವಳ ಹಿಂದೆಯೇ ನಿಂತಿದ್ದ, ಪಣಂಬೂರಿನಲ್ಲಿ ಬಂದರಿನ ಕೆಲಸಕ್ಕೆ ಹೋಗುವ, ಮೀಸೆ ಬಂದ ಆಳು. ಅವನ ತಲೆ ಬಗ್ಗಿಹೋಗಿತ್ತು.

ಅಷ್ಟಕ್ಕೂ ನಾನು ಸುಮ್ಮನಿರಲಿಲ್ಲ. ಎಲ್ಲರೆದುರು ನನ್ನ ಬಾಯಿಂದ ಬಂದೇಬಿಟ್ಟಿತು: "ಮತ್ತೆ ಆ ಗಿಂಡಿ? ಗಿಂಡಿಯ ವಿಷಯ ಅವರಿಗೆ ಯಾಕೆ ಗೊತ್ತಿರಲಿಲ್ಲ?"

ಅವಳು ನನ್ನತ್ತ ತಿರುಗಿದಳು.

"ಗೊತ್ತಿಲ್ಲ ಅಂತ ಹೇಳಿದ್ನಾ?"

"ನಾನು ಬೀಳಿಸಲಿಲ್ಲ ಅಂದರು."

"ಬೀಳಿಸಿದ್ದು ನಾನು ಟೀಚರೇ" ಎಂದಳು. "ಆಡಲಿಕ್ಕೆ ತೆಗೆದಿದ್ದೆ. ಪೆಟ್ಟು ತಿಂದದ್ದು ಅವನು. ಅವನು ನಾನಲ್ಲ ಅಂತ ಅವತ್ತೂ ಹೇಳಲಿಲ್ಲ, ತಂಗಿ ಅಂತ ನಿಮ್ಮ ಹತ್ತಿರವೂ ಹೇಳಲಿಲ್ಲ."

ಸರಿಯಾದ ಉತ್ತರಕ್ಕೆ ಸೊನ್ನೆ ಕೊಟ್ಟಿದ್ದೆ ನಾನು. ತಂಗಿ ಎಂಬ ಒಂದು ಮಾತು ಹೇಳಿದ್ದರೆ ಅವನು ಆವತ್ತೇ ಗೆಲ್ಲುತ್ತಿದ್ದ. ಬಾಗಿಲು ಹಾಕಿದವಳನ್ನು ಹಿಡಿದುಕೊಡುವ ಬದಲು ಅವನು ಸುಳ್ಳುಗಾರ ಎನಿಸಿಕೊಂಡು ಐದು ಕದಿರು ಗೋಡೆ ನೋಡಿ ನಿಂತಿದ್ದ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ, ಯಾರು ನೋಡಿದರೆ ನೋಡಲಿ ಎಂದು ಅತ್ತುಬಿಟ್ಟೆ.

ಮಾವ ಮೊದಲ ಪಾಲನ್ನು ಬಾಳೆಲೆಯಲ್ಲಿ ಸುತ್ತಿ ತಂಗಿಯ ಕೈಗೆ ಕೊಟ್ಟರು. "ಗದ್ದೆಯ ಮನೆಗೆ" ಎಂದರು. ಅವಳು ಅದನ್ನು ತಲೆಯ ಮೇಲಿಟ್ಟುಕೊಂಡು ಹೊರಗೆ ಬಂದು, ಮೇಲೆ ತನ್ನ ಮನೆಯ ಕಡೆ ಹೋಗದೆ ಕೆಳಗಿನ ದಾರಿ ಹಿಡಿದಳು. ಬ್ಯಾರಿ ಪಾಗಾರದ ಬಳಿಯಿಂದ ಓಡಿಬಂದು ಜಾರುವ ಕಡೆ ದಾರಿ ತೋರಿಸುತ್ತ ಮುಂದೆ ಇಳಿದ. ಓಣಿಯವರೆಲ್ಲ ನೋಡಲು ಗುಡ್ಡೆಯ ಅಂಚಿಗೆ ನುಗ್ಗಿದರು.

ಕೆಳಗಿನಿಂದ ಒಂದು ಸಲ ಕೆಮ್ಮು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ನಾನು ಅಂಚಿಗೆ ಹೋಗಲಿಲ್ಲ. ಗುಂಡಿಯ ಕಡೆಗೆ ಬೆನ್ನು ಹಾಕಿ, ದೇವಸ್ಥಾನದ ಗೋಡೆ ನೋಡಿಕೊಂಡು, ಅವಳು ಮೇಲೆ ಬರುವವರೆಗೂ ನಿಂತೆ.